ನಿಂತೇ ಉಣ್ಣುವ ಹವಾಲ್ದಾರರು

ನಮ್ಮನೆಯವರು ನೆಲದ ಮೇಲೆ ಕೂತದ್ದನ್ನು ನಮ್ಮೂರು ಸೊಕ್ಕೆಯಲ್ಲಿ ಯಾರೂ ನೋಡಿಲ್ಲ. ಮದುವೆಯ ಪಂಕ್ತಿಯಲ್ಲಿ ನೋಡಿಲ್ಲ, ಭಜನೆಯಲ್ಲಿ ನೋಡಿಲ್ಲ, ಸಾವಿನ ಮನೆಯ ಅಂಗಳದಲ್ಲೂ ನೋಡಿಲ್ಲ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದ ತಿಪ್ಪೇರುದ್ರ ಎಂದರೆ ನಮ್ಮೂರಿನವರ ಪಾಲಿಗೆ ಒಂದು ಕಂಬ. ಕಂಬಕ್ಕೆ ಮೀಸೆ ಇರುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಈ ಕೀರ್ತಿಗೆಲ್ಲ ಕಾರಣ ಅವರ ಬಲಗಾಲಿನ ಮೊಣಕಾಲು. ಲಡಾಖಿನಲ್ಲಿ ಡ್ಯೂಟಿ ಮೇಲಿದ್ದಾಗ ಮಂಜಿನಲ್ಲಿ ಜಾರಿ ಕಂದಕಕ್ಕೆ ಬಿದ್ದಂದಿನಿಂದ ಅದು ಸರಿಯಾಗಿ ಮಡಚುವುದಿಲ್ಲ. ಈ ಗುಟ್ಟು ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಂದು ನನಗೆ, ಇನ್ನೊಂದು ಮೊಣಕಾಲಿಗೆ.

ಶುರುವಾದದ್ದು ಆರು ವರ್ಷದ ಹಿಂದೆ, ಪಕ್ಕದ ಮನೆಯ ಬೈಲಪ್ಪನ ಗೃಹಪ್ರವೇಶದಲ್ಲಿ. ಇವರು ನಿವೃತ್ತರಾಗಿ ಊರಿಗೆ ಬಂದು ಹದಿನೈದು ದಿನವಾಗಿತ್ತು. ಎಲೆ ಹಾಕಿದರು, ಊರೆಲ್ಲ ಚಕ್ಕಂಬಕ್ಕಳ ಹಾಕಿ ಕೂತಿತು, ಇವರೊಬ್ಬರು ನಿಂತೇ ಇದ್ದರು. ಗ್ರಾಮ ಪಂಚಾಯಿತಿ ಸದಸ್ಯನಾದ ಬೈಲಪ್ಪ ಓಡಿ ಬಂದ.

“ಯಾಕ್ರೀ ಹವಾಲ್ದಾರ್ರೇ, ಕೂರಾಕೆ ಏನಾತು? ನಮ್ಮನೆ ನೆಲ ಸರಿ ಇಲ್ಲೇನು?”

ಮೊಣಕಾಲು ನೋಯುತ್ತದೆ ಎಂದರೆ ಮುಗಿದಿತ್ತು. ಆದರೆ ಹೊಸ ಮೀಸೆ, ಹೊಸ ಗೌರವ, ಎದುರಿಗೆ ಇಡೀ ಊರು. ಇವರು ಗಂಟಲು ಸರಿಮಾಡಿಕೊಂಡು, “ಮಿಲಿಟರಿಯಾಗೆ ನಿಂತೇ ಉಣ್ಣೋದು. ಯಾವಾಗ ಕರೆ ಬರುತ್ತೋ ಗೊತ್ತಿರಲ್ಲ. ಅಭ್ಯಾಸ ಬಿಡಾಕೆ ಆಗಲ್ಲ” ಎಂದುಬಿಟ್ಟರು.

ಪಂಕ್ತಿಯವರೆಲ್ಲ ತುತ್ತು ಬಿಟ್ಟು ಇವರನ್ನೇ ನೋಡಿದರು. ಆಮೇಲೆ ಬೈಲಪ್ಪನ ಕಣ್ಣಲ್ಲಿ ನೀರು ಬಂತು. “ನಾವು ಇಲ್ಲಿ ಕುಂತು ಹೋಳಿಗೆ ತಿಂತೀವಿ, ಗಡಿಯಾಗೆ ನೋಡ್ರಪ್ಪಾ” ಎಂದ. ಅಂದು ನಮ್ಮನೆಯವರು ಎಡಗೈಯಲ್ಲಿ ತಟ್ಟೆ ಹಿಡಿದು ನಿಂತು ಐದು ಹೋಳಿಗೆ ತಿಂದರು. ಬಡಿಸುವವರು ಬೇಡವೆಂದರೂ ಬಿಡಲಿಲ್ಲ.

ಸುಳ್ಳಿಗೆ ಕಾಲು ಗಟ್ಟಿಯಿತ್ತು, ಊರೂರು ತಿರುಗಿತು. ಚನ್ನಗಿರಿ ಕಡೆ ತ್ಯಾವಣಿಗೆಯಲ್ಲಿ ಇವರ ಸೋದರತ್ತೆಯ ಮಗನ ಮದುವೆಗೆ ಹೋದರೆ, ನಾವು ಹೋಗುವ ಮೊದಲೇ ಸುದ್ದಿ ಹೋಗಿತ್ತು. ಒಂದಿಪ್ಪತ್ತು ಹುಡುಗರು ಇವರ ಎರಡೂ ಕಡೆ ಸಾಲಾಗಿ ನಿಂತು ಉಂಡರು. ಸಾರು ಅಂಗಿಯ ಮೇಲೆಲ್ಲ ಚೆಲ್ಲಿತು, ಆದರೆ ಶಿಸ್ತು ಕೆಡಲಿಲ್ಲ. ಹೀಗೆ ಆರು ವರ್ಷ ಕಳೆಯಿತು.

ನಾನು ಅಂಗನವಾಡಿ ಟೀಚರು. ದಿನವಿಡೀ ನೆಲದ ಮೇಲೆ ಕೂತೆದ್ದು, ಮಕ್ಕಳನ್ನು ಎತ್ತಿ ಇಳಿಸಿ ನನ್ನ ಸೊಂಟವೂ ಒಂದು ದಾರಿ ಹಿಡಿದಿತ್ತು. ಅದನ್ನು ಯಾರೂ ಶಿಸ್ತು ಎನ್ನಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಒಬ್ಬರು ನೋವು ಮುಚ್ಚಿಟ್ಟುಕೊಂಡಿದ್ದರೆ ಇನ್ನೊಬ್ಬರ ನೋವಿಗೆ ಜಾಗ ಎಲ್ಲಿರುತ್ತದೆ.

ಗುಟ್ಟನ್ನು ಮೊದಲು ಹಿಡಿದವರು ಭೀಮೇಶ್. ಹೊನ್ನಾಳಿಯ ನಿವೃತ್ತ ಸುಬೇದಾರರು, ಸುತ್ತಮುತ್ತಲಿನ ಮಾಜಿ ಸೈನಿಕರ ಕಾಗದಪತ್ರಗಳನ್ನು ಬರೆದುಕೊಡುವವರು. ಹೊನ್ನಾಳಿಯಲ್ಲಿ ನಡೆದ ಮಾಜಿ ಸೈನಿಕರ ಸಭೆಯಲ್ಲಿ ಇವರು ಮೆಟ್ಟಿಲನ್ನು ಅಡ್ಡಡ್ಡ ಇಳಿಯುವುದನ್ನು ನೋಡಿ, ಮುಂದಿನ ಭಾನುವಾರ ಮೋಟಾರ್ ಸೈಕಲ್ಲಿನಲ್ಲಿ ನೇರ ನಮ್ಮನೆಗೇ ಬಂದರು. ಬಂದವರು ನೀರು ಸಹ ಕುಡಿಯದೆ, “ತಂಗೀ, ನಿಮ್ಮೆಜಮಾನರ ಟ್ರಂಕು ತೆಗಿ” ಎಂದರು.

ಟ್ರಂಕಿನ ತಳದಲ್ಲಿ ಕಾಗದ ಸಿಕ್ಕಿತು. ನಿವೃತ್ತಿಯಾಗುವಾಗ ಮಿಲಿಟರಿ ಡಾಕ್ಟರುಗಳ ಬೋರ್ಡು ಮೊಣಕಾಲನ್ನು ಪರೀಕ್ಷೆ ಮಾಡಿ ಬರೆದ ಕಾಗದ. ಗಾಯ ಡ್ಯೂಟಿಯಲ್ಲೇ ಆದದ್ದು ಎಂದು ಒಪ್ಪಿದ್ದರು. ಅಂಗವೈಕಲ್ಯ ಹತ್ತೊಂಬತ್ತು ಪರ್ಸೆಂಟ್ ಎಂದು ಬರೆದಿದ್ದರು.

“ಹತ್ತೊಂಬತ್ತು” ಎಂದು ಭೀಮೇಶ್ ಹಣೆ ಹಿಡಿದುಕೊಂಡರು. “ಇಪ್ಪತ್ತಿದ್ರೆ ಅಂಗವೈಕಲ್ಯ ಪಿಂಚಣಿ. ಹತ್ತೊಂಬತ್ತಂದ್ರೆ ಸೊನ್ನೆ. ಲೆಕ್ಕಕ್ಕೇ ಇಲ್ಲ. ಈ ಕಾಗದದ ಪ್ರಕಾರ ನಿನ್ನ ಗಂಡಗೆ ಏನೂ ಆಗಿಲ್ಲ ತಂಗೀ.”

“ಏನೂ ಆಗಿಲ್ಲ ಅಂದ್ರೆ? ದಿನಾ ಬೆಳಿಗ್ಗೆ ಇವರ ಕಾಲಿಗೆ ಷೂ ಹಾಕೋಳು ನಾನು.”

“ಅದು ಕಾಗದಕ್ಕೆ ಗೊತ್ತಿಲ್ಲವಲ್ಲ.” ಭೀಮೇಶ್ ಇವರ ಕಡೆ ತಿರುಗಿದರು. “ಅವತ್ತು ಬೋರ್ಡಿನಾಗೆ ಏನು ಮಾಡಿದ್ಯಪ್ಪಾ?”

ಇವರು ಗೋಡೆ ನೋಡುತ್ತ ಹೇಳಿದರು. ಒಳಗೆ ಕರ್ನಲ್ ಸಾಹೇಬರಿದ್ದರು. ನೆಲಕ್ಕೆ ಕೂತ್ಕೋ ಅಂದರು. ಕೂತೆ. ಏಳು ಅಂದರು. ಮೇಜು ಹಿಡಿದು ಎದ್ದೆ. ತೊಂದರೆ ಏನಾದರೂ ಇದೆಯಾ ಅಂದರು. ಠೀಕ್ ಹೈ ಸಾಬ್ ಅಂದೆ.

“ಯಾಕಂಗಂದೆ?”

“ಆಫೀಸರು ಕೇಳಿದಾಗ ಬೇರೆ ಏನಂತಾರೆ?” ಎಂದರು ಇವರು, ನಿಜವಾಗಿಯೂ ಆಶ್ಚರ್ಯಪಟ್ಟು.

ಭೀಮೇಶ್ ನನ್ನಿಂದ ಬಿಳಿ ಹಾಳೆ ಕೇಳಿ ಮೇಲ್ಮನವಿ ಬರೆದರು, ಇಷ್ಟು ತಡವಾದದ್ದಕ್ಕೆ ಕಾರಣವನ್ನೂ ಬರೆದರು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು. “ಮತ್ತೊಮ್ಮೆ ಪರೀಕ್ಷೆಗೆ ಕರೀತಾರೆ. ಇದೇ ಕೊನೇದು. ನೋವೈತೆ ಅಂತ ಅವನ ಬಾಯಲ್ಲೇ ಬರಬೇಕು. ಅವನು ಅನ್ನಲಿಲ್ಲ ಅಂದ್ರೆ ಬ್ರಹ್ಮ ಬಂದರೂ ಒಂದು ಪರ್ಸೆಂಟು ಏರಿಸಾಕೆ ಆಗಲ್ಲ.”

ಒಂಬತ್ತು ತಿಂಗಳಿಗೆ ಕರೆ ಬಂತು. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ಬೋರ್ಡು, ಮೂರು ವಾರ ಬಿಟ್ಟು. ದುರದೃಷ್ಟವೆಂದರೆ ಪೋಸ್ಟಿನವರು ಬಂದಾಗ ನಮ್ಮ ಕಟ್ಟೆಯ ಮೇಲೆ ಬೈಲಪ್ಪ ಕೂತಿದ್ದ. ಇಂಗ್ಲಿಷ್ ಕಾಗದ, ಮೇಲೆ ಸಿಂಹದ ಮುದ್ರೆ. ಅವನು ಅದನ್ನು ನನ್ನ ಕೈಗೆ ಕೊಡುವ ಬದಲು ನಿವೃತ್ತ ಹೆಡ್‌ಮಾಸ್ಟರ್ ಜಯದೇವಪ್ಪನವರ ಹತ್ತಿರ ಒಯ್ದ. ಮೇಷ್ಟ್ರು ಮೂವತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದವರು. ಕಾಗದದಲ್ಲಿ ಅವರಿಗೆ ಕಂಡದ್ದು ಎರಡೇ: ಹತ್ತೊಂಬತ್ತು ಪರ್ಸೆಂಟ್, ಮರುಪರೀಕ್ಷೆ.

ಸಂಜೆಯ ಹೊತ್ತಿಗೆ ಊರಿಗೆ ತಿಳಿದದ್ದು ಇಷ್ಟು. ಹವಾಲ್ದಾರರ ಮೈಕಟ್ಟಿಗೆ ಮಿಲಿಟರಿಯವರು ಬರೀ ಹತ್ತೊಂಬತ್ತು ಮಾರ್ಕ್ಸು ಕೊಟ್ಟಿದ್ದಾರೆ. ಇಪ್ಪತ್ತಕ್ಕೆ ಪಾಸು. ಒಂದು ಮಾರ್ಕಿಗೆ ಫೇಲು.

“ನಮ್ಮ ಹವಾಲ್ದಾರ್ರಿಗೆ ಹತ್ತೊಂಬತ್ತಾ?” ಎಂದು ಬೈಲಪ್ಪ ನಮ್ಮ ಅಂಗಳದಲ್ಲಿ ನಿಂತು ಬುಸುಗುಟ್ಟಿದ. “ನಿಂತೇ ಉಣ್ಣೋ ಮನುಷ್ಯ. ಯಾರು ತಿದ್ದಿದ್ದು ಪೇಪರು?”

“ಹಂಗಲ್ಲ ಬೈಲಪ್ಪಣ್ಣ” ಎಂದು ನಾನು ಬಾಯಿ ತೆರೆದೆ. ಬೈಲಪ್ಪನ ಬೆನ್ನ ಹಿಂದೆ ನಮ್ಮನೆಯವರು ಎರಡೂ ಕೈ ಜೋಡಿಸಿ ನನ್ನನ್ನೇ ನೋಡುತ್ತಿದ್ದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ನನಗೆ ಕೈ ಮುಗಿದದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿದೆ.

ಊರು ಸುಮ್ಮನಿರಲಿಲ್ಲ. ಮೇಷ್ಟ್ರು ಒಂದು ಅರ್ಜಿ ಬರೆದರು. ಬೋರ್ಡಿನ ಮಾನ್ಯ ಡಾಕ್ಟರುಗಳಿಗೆ ಸೊಕ್ಕೆ ಗ್ರಾಮಸ್ಥರ ಮನವಿ, ಹವಾಲ್ದಾರರು ಎಷ್ಟು ಗಟ್ಟಿಮುಟ್ಟು ಎಂದು. ನೂರ ನಲವತ್ತು ಸಹಿ, ಹೆಬ್ಬೆಟ್ಟು ಬೇರೆ. ಬೈಲಪ್ಪ ಅದನ್ನು ಅಂಗನವಾಡಿಗೂ ತಂದ. “ಸರ್ಕಾರಿ ನೌಕರರ ಸಹಿ ಇದ್ರೆ ತೂಕ ಬರುತ್ತೆ ಟೀಚರ್ರೇ. ಹೆಂಡ್ತಿ ಅಂತ ಅಲ್ಲ, ಟೀಚರ್ ಅಂತ ಹಾಕ್ರಿ.” ಮಕ್ಕಳು ಅಳುತ್ತಿದ್ದವು, ಉಪ್ಪಿಟ್ಟು ಸೀಯುತ್ತಿತ್ತು. ಗಂಡನ ವಿರುದ್ಧ ನಾನೂ ಸಹಿ ಹಾಕಿದೆ.

ಆ ಮೂರು ವಾರ ಮನೆಯಲ್ಲಿ ಬಾಗಿಲು ಹಾಕಿಕೊಂಡು ತಾಲೀಮು ನಡೆಯಿತು. ನಾನೇ ಕರ್ನಲ್.

“ತೊಂದರೆ ಏನಾದರೂ ಇದೆಯಾ?”

“ಠೀಕ್ ಹೈ ಸಾಬ್.”

“ರೀ.”

“ತಪ್ಪಾತು. ಇನ್ನೊಂದ್ಸಲ ಕೇಳು.”

“ತೊಂದರೆ ಏನಾದರೂ ಇದೆಯಾ?”

“ಏಕ್‌ದಂ ಠೀಕ್ ಹೈ ಸಾಬ್.”

ದಿನದಿನಕ್ಕೆ ಉತ್ತರ ಗಟ್ಟಿಯಾಗುತ್ತಿತ್ತೇ ಹೊರತು ಬದಲಾಗುತ್ತಿರಲಿಲ್ಲ. ಒಂದು ದಿನ ನನ್ನತ್ತೆ ಸುಂಕಲಮ್ಮ ಬಾಗಿಲು ತಳ್ಳಿಕೊಂಡು ಬಂದರು. “ಏನು ನಡೆದೈತೆ ಇಲ್ಲಿ? ಸೊಸೆ ದಬಾಯಿಸ್ತಾಳೆ, ಮಗ ಸೆಲ್ಯೂಟ್ ಹೊಡೀತಾನೆ.” ಅತ್ತೆ, ಮಗನ ಬಲಗಾಲನ್ನು ಒಮ್ಮೆ ನೋಡಿದರು, ತಮ್ಮ ಮೊಣಕಾಲನ್ನು ಒಮ್ಮೆ ಸವರಿಕೊಂಡರು, ಹೊರಗೆ ಹೋದರು.

ಬೆಂಗಳೂರಿಗೆ ಹೊರಟ ದಿನ ಬೈಲಪ್ಪ ಅರ್ಜಿಯನ್ನು ಫೈಲಿನಲ್ಲಿಟ್ಟುಕೊಂಡು ನಮಗಿಂತ ಮೊದಲು ಜಗಳೂರು ಬಸ್ ಸ್ಟ್ಯಾಂಡಿನಲ್ಲಿದ್ದ. “ಸರ್ಕಾರದ ಕೆಲಸಕ್ಕೆ ಊರಿನವರು ಒಬ್ಬರಾದ್ರೂ ಇರಬೇಕಲ್ರೀ.” ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಕಂಡಕ್ಟರ್ ಕೂರಲು ಹೇಳಿದ. “ಅವರು ಕೂರಲ್ಲ” ಎಂದ ಬೈಲಪ್ಪ, ಬಸ್ಸಿಗೆಲ್ಲ ಕೇಳುವಂತೆ. “ಮಿಲಿಟರಿ.” ಮೂವತ್ತು ಜನ ತಿರುಗಿ ನೋಡಿದ ಮೇಲೆ ನಮ್ಮನೆಯವರಿಗೆ ಕೂರುವ ದಾರಿಯೇ ಉಳಿಯಲಿಲ್ಲ. ಚಿತ್ರದುರ್ಗ ದಾಟಿತು, ಹಿರಿಯೂರು ದಾಟಿತು, ಶಿರಾ ದಾಟಿತು. ಬೆಂಗಳೂರಿನಲ್ಲಿ ಇಳಿಯುವಾಗ ಮೊಣಕಾಲು ಸುಲಿದ ತೆಂಗಿನಕಾಯಿಯಷ್ಟಾಗಿತ್ತು. ಬೈಲಪ್ಪ ಇಡೀ ದಾರಿ ನನ್ನ ಪಕ್ಕ ಕೂತು ನಿದ್ದೆ ಮಾಡಿದ.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಇವರನ್ನು ಒಳಗೆ ಕರೆದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ. ಹತ್ತು ನಿಮಿಷವಾಯಿತು. ಒಳಗಿನಿಂದ ಒಂದು ಗಟ್ಟಿ ದನಿ ಕೇಳಿಸಿತು: “ಏಕ್‌ದಂ ಠೀಕ್ ಹೈ ಮೇಡಂ.”

ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು. ಒಂಬತ್ತು ತಿಂಗಳು, ಭೀಮೇಶಣ್ಣನ ಅಷ್ಟು ಕಾಗದ, ದಿನಾ ಬೆಳಿಗ್ಗೆ ನಾನು ಕಟ್ಟಿದ ಷೂ ಲೇಸು, ಎಲ್ಲ ಸೊನ್ನೆ.

ಬಾಗಿಲು ತೆರೆಯಿತು. “ಇವರ ಮನೆಯವರು ಯಾರು? ಬನ್ನಿ” ಎಂದು ಅಟೆಂಡರ್ ಕರೆದ. ನಾನು ಎದ್ದೆ. ಬೈಲಪ್ಪನೂ ಎದ್ದ. ಮನೆಯವರು ಎಂದರೆ ತಾನೂ ಸೇರಿದಂತೆ ಎಂದೇ ಅವನು ತಿಳಿದಿದ್ದ.

ಒಳಗೆ ಮೇಜಿನ ಹಿಂದೆ ಮೂವರು ಡಾಕ್ಟರುಗಳು. ನಡುವೆ ಕನ್ನಡಕ ಹಾಕಿದ ಕರ್ನಲ್ ಮೇಡಂ. ನಮ್ಮನೆಯವರು ಕಾಣಿಸಲಿಲ್ಲ. ಆಮೇಲೆ ಕೆಳಗೆ ನೋಡಿದೆ. ಮೇಜಿನ ಮುಂದೆ ನೆಲದ ಮೇಲೆ, ಒಂದು ಕಾಲು ಮುಂದಕ್ಕೆ ಚಾಚಿ, ಮುಖ ಬದನೆಕಾಯಿ ಬಣ್ಣವಾಗಿ, ಬೆನ್ನು ಮಾತ್ರ ನೆಟ್ಟಗೆ ಕೂತಿದ್ದರು. ಕೂರಲು ಹೇಳಿದ್ದರು, ಕೂತಿದ್ದಾರೆ. ಏಳಲು ಹೇಳಿದ್ದರು, ಆಗಿಲ್ಲ. ನೋವಿದೆಯೇ ಎಂದರೆ ಇಲ್ಲ. ಹಾಗಾದರೆ ಏಕೆ ಏಳುವುದಿಲ್ಲ ಎಂದರೆ, “ಇಲ್ಲೇ ಆರಾಮಿದೆ ಮೇಡಂ” ಎಂದಿದ್ದಾರೆ.

ನಾನು ಏನಾದರೂ ಹೇಳುವ ಮೊದಲೇ ಬೈಲಪ್ಪ ಮುಂದೆ ನುಗ್ಗಿದ.

“ಇದು ಅನ್ಯಾಯ” ಎಂದ ಕನ್ನಡದಲ್ಲಿ. “ಆರು ವರ್ಷದಾಗೆ ನಮ್ಮೂರಾಗೆ ಒಂದು ದಿನ ನೆಲಕ್ಕೆ ಕುಂತವರಲ್ಲ ಇವರು. ಕರಕಂಬಂದು ನೆಲಕ್ಕೆ ಕೂರಿಸೀರಲ್ಲ. ಓದ್ರಿ ಇದನ್ನ.” ಫೈಲು ಮೇಜಿನ ಮೇಲೆ ಬಿತ್ತು.

ಮೇಡಂ ಫೈಲು ತೆರೆದರು. ಕನ್ನಡ ಬರುವುದಿಲ್ಲ. “ಇವರು ಏನು ಹೇಳುತ್ತಿದ್ದಾರೆ? ಇದರಲ್ಲಿ ಏನಿದೆ?” ಎಂದು ನನ್ನನ್ನು ಹಿಂದಿಯಲ್ಲಿ ಕೇಳಿದರು. ಜಬಲ್ಪುರದ ಕ್ವಾರ್ಟರ್ಸಿನಲ್ಲಿ ನಾಲ್ಕು ವರ್ಷ ತರಕಾರಿ ಕೊಂಡ ಹಿಂದಿ ನನ್ನದು. ಏನೂ ಇಲ್ಲ ಮೇಡಂ, ಊರಿನವರ ಹಾರೈಕೆ ಎಂದು ಹೇಳಿ ಮಡಚಿ ಇಟ್ಟುಕೊಳ್ಳಬಹುದಿತ್ತು. ಆದರೆ ನೆಲದ ಮೇಲಿನ ಮನುಷ್ಯ ಬಾಯಿ ಬಿಡುವಂತಿರಲಿಲ್ಲ. ಇನ್ನು ಕಳೆದುಕೊಳ್ಳಲು ಏನಿತ್ತು. ಓದತೊಡಗಿದೆ, ಒಂದು ಸಾಲು ಕನ್ನಡ, ಒಂದು ಸಾಲು ಹಿಂದಿ.

“ಸದರಿಯವರು ನಿವೃತ್ತರಾದಂದಿನಿಂದ ಇಂದಿನವರೆಗೆ ಒಮ್ಮೆಯೂ ನೆಲದ ಮೇಲೆ ಕೂತವರಲ್ಲ.”

ಮೇಡಂ ತಲೆಯೆತ್ತಿದರು. “ಒಮ್ಮೆಯೂ? ಊಟಕ್ಕೂ?”

“ಊಟಕ್ಕೂ ಇಲ್ಲ ಮೇಡಂ.”

ಮೇಡಂ ಪೆನ್ನು ತೆಗೆದುಕೊಂಡರು.

“ಬಸ್ಸಿನ ಇಕ್ಕಟ್ಟಾದ ಸೀಟಿನಲ್ಲಿ ಕೂರದೆ, ಹೆಂಗಸರಿಗೆ ಬಿಟ್ಟುಕೊಟ್ಟು ನಿಂತೇ ಪ್ರಯಾಣ ಮಾಡುತ್ತಾರೆ.” ಮೇಡಂ ಬರೆದುಕೊಂಡರು. “ಗ್ರಾಮದಲ್ಲಿ ಎಲ್ಲರಿಗಿಂತ ಮೊದಲು ಮನೆಯಲ್ಲಿ ಕುರ್ಚಿಯಂಥ ಕಕ್ಕಸು ಹಾಕಿಸಿ ಪ್ರಗತಿಪರರೆನಿಸಿದ್ದಾರೆ.” ಪಕ್ಕದ ಡಾಕ್ಟರು ಕೆಮ್ಮಿದರು. ಮೇಡಂ ಬರೆದುಕೊಂಡರು. “ಊರ ರಸ್ತೆಯಲ್ಲೂ ಬಲಗಾಲನ್ನು ಮಡಚದೆ ಪೆರೇಡಿನ ಶಿಸ್ತಿನಲ್ಲೇ ನಡೆಯುತ್ತಾರೆ.” ಬರೆದುಕೊಂಡರು. “ಮೆಟ್ಟಿಲು ಇಳಿಯುವಾಗ, ಶತ್ರುವಿಗೆ ಬೆನ್ನು ಕೊಡಬಾರದೆಂಬ ನಿಯಮದಂತೆ, ಗೋಡೆ ಹಿಡಿದು ಅಡ್ಡಡ್ಡಲಾಗಿ ಇಳಿಯುತ್ತಾರೆ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಭುಜ ಸಣ್ಣಗೆ ಅಲುಗುತ್ತಿತ್ತು.

“ಆದ್ದರಿಂದ ಇವರಿಗೆ ನೂರಕ್ಕೆ ನೂರು ಕೊಡಬೇಕೆಂದು ಗ್ರಾಮಸ್ಥರ ವಿನಂತಿ” ಎಂದು ಮುಗಿಸಿದೆ.

“ನೂರ ನಲವತ್ತು ಸಾಕ್ಷಿಗಳು” ಎಂದರು ಮೇಡಂ ಪಕ್ಕದವರಿಗೆ. ಆಮೇಲೆ ಎದ್ದು ಮೇಜು ಬಳಸಿ ಬಂದು ನಮ್ಮನೆಯವರ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಕಂಪಾಸಿನಂತಹ ಎರಡು ತೋಳಿನ ಅಳತೆಪಟ್ಟಿಯನ್ನು ಊದಿದ ಮೊಣಕಾಲಿಗೆ ಹಿಡಿದರು. ಒಂದು ಬೆರಳಿನಿಂದ ಮೆಲ್ಲಗೆ ಒತ್ತಿದರು. “ಹವಾಲ್ದಾರ್, ಇದು ನನ್ನ ಆದೇಶ. ನಿಜ ಹೇಳು. ನೋವಾಗುತ್ತದೆಯೇ?”

ಆದೇಶ ಎಂದ ಮೇಲೆ ಇವರು ಏನು ಮಾಡುತ್ತಾರೆ. ನೆಲದ ಮೇಲೆ ಕೂತಲ್ಲೇ ಅಟೆನ್ಷನ್ ಆಗಲು ನೋಡಿದರು.

“ನೋವಾಗುತ್ತದೆ ಮೇಡಂ” ಎಂದರು. “ಎಂಟು ವರ್ಷದಿಂದ.”

ಇಷ್ಟು ದಿನ ನಾನು ಕರ್ನಲ್ ಆಗಿ ಬರೀ ಕೇಳುತ್ತಿದ್ದೆ, ಆದೇಶ ಮಾಡಲು ಹೊಳೆದೇ ಇರಲಿಲ್ಲ. ಇಬ್ಬರು ಅಟೆಂಡರುಗಳು ಹಿಡಿದು ಅವರನ್ನು ಎಬ್ಬಿಸಿದರು. ಬೈಲಪ್ಪನಿಗೆ ಹಿಂದಿ ಬಾರದು. ಅವನು ನೋಡಿದ್ದು ಒಂದೊಂದು ಸಾಲಿಗೂ ಮೇಡಂ ಬರೆದುಕೊಂಡದ್ದನ್ನು ಮಾತ್ರ.

ಎರಡು ತಿಂಗಳಿಗೆ ಆದೇಶ ಬಂತು. ಮೂವತ್ತು ಪರ್ಸೆಂಟ್. ಭೀಮೇಶ್ ಫೋನಿನಲ್ಲಿ ಕೂಗಿದ್ದು ಹೊನ್ನಾಳಿಯಿಂದ ನೇರ ಕೇಳಿಸುವಂತಿತ್ತು. “ತಂಗೀ, ಇಪ್ಪತ್ತು ದಾಟಿದ್ರೆ ಐವತ್ತು ಅಂತ ಹಿಡೀತಾರೆ. ರೂಲ್ಸೇ ಐತೆ. ಐವತ್ತಾತು ಐವತ್ತು.”

“ಮೂವತ್ತು ಬಂದಿದ್ದಕ್ಕೆ ಇಪ್ಪತ್ತು ಗ್ರೇಸ್ ಮಾರ್ಕ್ಸು” ಎಂದು ಮೇಷ್ಟ್ರು ಊರಿಗೆ ವಿವರಿಸಿದರು. “ನನ್ನ ಸರ್ವೀಸಿನಾಗೇ ಇಷ್ಟು ಗ್ರೇಸು ಯಾರಿಗೂ ಕೊಟ್ಟಿಲ್ಲ.”

“ನೂರು ಕೇಳಿದ್ವಿ, ಐವತ್ತು ಕೊಟ್ರು” ಎಂದು ಬೈಲಪ್ಪನಿಗೆ ಸ್ವಲ್ಪ ಬೇಜಾರು. “ಇರಲಿ. ಸನ್ಮಾನ ಮಾಡಾಣ.”

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದರು. ಶಾಲು, ಹಾರ, ಗೋಧಿ ಪಾಯಸ. ಬೈಲಪ್ಪ ಮೈಕು ಹಿಡಿದು ಘೋಷಿಸಿದ. “ಹವಾಲ್ದಾರ್ರ ಗೌರವಾರ್ಥ ಇವತ್ತು ಇಡೀ ಊರು ನಿಂತೇ ಉಣ್ತೈತೆ. ಯಾರೂ ಕೂರಂಗಿಲ್ಲ.”

ಊರು ನಿಂತಿತು. ಗಂಡಸರು ಒಂದು ಸಾಲು, ಹೆಂಗಸರು ಒಂದು ಸಾಲು. ಅರವತ್ತು ದಾಟಿದವರು, ಎಪ್ಪತ್ತು ದಾಟಿದವರು, ಎಲ್ಲರ ಎಡಗೈಯಲ್ಲಿ ಅಡಿಕೆಹಾಳೆ ತಟ್ಟೆ. ಹೆಂಗಸರ ಸಾಲಿನ ತುದಿಯಲ್ಲಿ ನನ್ನತ್ತೆ ಸುಂಕಲಮ್ಮ. ಅವರ ತಟ್ಟೆ ನಡುಗುತ್ತಿತ್ತು. ಪಕ್ಕದ ಅಜ್ಜಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ದೇಶದ ವಿಷಯ.

ನಮ್ಮನೆಯವರು ವೇದಿಕೆಯಿಂದ ಆ ಸಾಲನ್ನು ನೋಡುತ್ತಿದ್ದರು. ತಟ್ಟೆಯಿಂದ ಪಾಯಸ ಚೆಲ್ಲಿ ಅತ್ತೆಯ ಸೀರೆಯ ಮೇಲೆ ಬಿತ್ತು. ಇವರು ಹಾರ ತೆಗೆದು ಮೇಜಿನ ಮೇಲಿಟ್ಟರು. ಬೈಲಪ್ಪನ ಕೈಯಿಂದ ಮೈಕು ತೆಗೆದುಕೊಂಡರು.

“ನನ್ನ ಮೊಣಕಾಲು ಮಡಚಲ್ಲ” ಎಂದರು. “ಮಿಲಿಟರಿಯಾಗೆ ಕುಂತೇ ಉಣ್ತಾರೆ. ಆರು ವರ್ಷ ಸುಳ್ಳು ಹೇಳೀನಿ. ನನಗೆ ನೋವಾಗುತ್ತೆ. ಬೋರ್ಡಿನವರು ಐವತ್ತು ಕೊಟ್ಟಿದ್ದು ಅದಕ್ಕೇ.”

ಮೈಕು ಕುಂಯ್ ಎಂದಿತು. ಬೈಲಪ್ಪನ ಮುಖದಲ್ಲಿ ಲೆಕ್ಕ ನಡೆಯುತ್ತಿತ್ತು. ಸೀಟು, ಕಕ್ಕಸು, ಮೆಟ್ಟಿಲು. ಅವನ ತುಟಿ ಒಂದೊಂದನ್ನೂ ಎಣಿಸಿತು.

“ಅಂದ್ರೆ ಆ ಮೇಡಂ ಬರಕಂಡಿದ್ದೆಲ್ಲ...”

“ಎಲ್ಲಾ ನೋವಿನ ಲೆಕ್ಕಕ್ಕೆ” ಎಂದೆ ನಾನು.

ಬೈಲಪ್ಪ ಎದೆ ಉಬ್ಬಿಸಿದ. “ಹಂಗಾದ್ರೆ ನಮ್ಮ ಅರ್ಜಿಯಿಂದ್ಲೇ ಗೆದ್ದಂಗಾತು. ಅಲ್ಲೇನ್ರೀ ಮೇಷ್ಟ್ರೇ?”

“ನಾನು ಬರೆದ ಅರ್ಜಿ ಯಾವತ್ತೂ ವಾಪಸ್ ಬಂದಿಲ್ಲ” ಎಂದರು ಮೇಷ್ಟ್ರು.

ಹೆಂಗಸರ ಸಾಲಿನ ತುದಿಯಿಂದ ಅತ್ತೆಯ ದನಿ ಬಂತು. “ಲೋ ರುದ್ರಾ, ಹೆತ್ತೋಳಿಗೆ ಗೊತ್ತಾಗಲ್ಲ ಅಂದ್ಕಂಡಿದ್ಯೇನೋ? ಬಾಯಿ ಬಿಡಾಕೆ ಆರು ವರ್ಷ ಬೇಕಾತು ನಿನಗೆ. ಈಗ ನನಗೊಂದು ಕುರ್ಚಿ ಹಾಕ್ಸು. ನನ್ನವು ಎರಡೂ ಮಡಚಲ್ಲ.”

“ನನಗೂ ಒಂದು” ಎಂದರು ಅಜ್ಜಮ್ಮ.

“ನಂದು ಎಡಗಾಲು” ಎಂದರು ಮೇಷ್ಟ್ರು, ಸ್ವಲ್ಪ ನಾಚಿಕೆಯಿಂದ. ಅಲ್ಲಿಂದ ಮುಂದೆ ತಡೆಯಲಾಗಲಿಲ್ಲ. ಒಬ್ಬಳ ಸೊಂಟ ನಲವತ್ತು ಪರ್ಸೆಂಟು, ಇನ್ನೊಬ್ಬಳ ಭುಜ ಅರವತ್ತು, ಅದು ಹೆಚ್ಚಾಯಿತು ಎಂದು ಮೂರನೆಯವಳ ತಕರಾರು. ಶಾಮಿಯಾನದವರ ಗಾಡಿಯಲ್ಲಿದ್ದ ಕುರ್ಚಿಗಳೆಲ್ಲ ಇಳಿದವು, ಶಾಲೆಯ ಬೆಂಚುಗಳು ಹೊರಗೆ ಬಂದವು. ಸೊಕ್ಕೆಯ ಇತಿಹಾಸದಲ್ಲಿ ಮೊದಲ ಬಾರಿಗೆ ಮೂವತ್ತೆರಡು ಮಂದಿ ಮೊಣಕಾಲಿನವರು ಒಂದೇ ಸಾಲಿನಲ್ಲಿ, ರಾಜರಂತೆ ಕುರ್ಚಿಯ ಮೇಲೆ ಕೂತು ಪಾಯಸ ಉಂಡರು.

ನಮ್ಮನೆಯವರಿಗೂ ಕುರ್ಚಿ ಬಂತು. ಕೂತರು. ಕಾಲನ್ನು ಎಲ್ಲರೆದುರಿಗೆ ನೆಟ್ಟಗೆ ಚಾಚಿಕೊಂಡರು. ಆಮೇಲೆ, ಪಾಯಸದ ಬಕೆಟ್ಟು ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತ, ನಡುನಡುವೆ ಸೊಂಟ ಹಿಡಿದುಕೊಳ್ಳುತ್ತ ಬರುತ್ತಿದ್ದ ನನ್ನನ್ನು ನೋಡಿದರು. ಬಕೆಟ್ಟನ್ನು ನನ್ನ ಕೈಯಿಂದ ತೆಗೆದು ಬೈಲಪ್ಪನಿಗೆ ಕೊಟ್ಟರು. ಪಕ್ಕದ ಕುರ್ಚಿ ಎಳೆದರು.

“ಕೂತ್ಕೋ. ನಿನ್ನ ಸೊಂಟ ಎಷ್ಟು ಪರ್ಸೆಂಟು?”

ಇಪ್ಪತ್ತನಾಲ್ಕು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಠೀಕ್ ಹೈ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

“ಹತ್ತೊಂಬತ್ತು” ಎಂದೆ.

ಇವರು ಶಾಲನ್ನು ಮಡಚಿ ನನ್ನ ಬೆನ್ನ ಹಿಂದೆ ಇಟ್ಟರು. “ಮೇಷ್ಟ್ರೇ” ಎಂದು ಕೂಗಿದರು, “ಹಾಳೆ ಪೆನ್ನು ತಗೊಂಡು ಬರ್ರಿ. ಇನ್ನೊಂದು ಅಪೀಲು ಐತೆ.”